ನಂಬುವುದು, ನಂಬದಿರುವುದು, ತಿಳಿಯದೆಂದು ಒಪ್ಪುವುದು

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ನಂಟರು ತುಂಬಿರದ ಮನೆ ಹಳೇ ಊರಿನಲ್ಲಿ ಸಿಗುವುದು ಅಪರೂಪ. ಅಂಥ ಒಂದು ಜಾತ್ರೆಯ ಮಧ್ಯಾಹ್ನ, ಊಟ ಮುಗಿಸಿ ಎಲೆ ಅಡಿಕೆ ಮುಂದಿಟ್ಟುಕೊಂಡು ಕೂತಿದ್ದ ನನ್ನ ಸೋದರಮಾವ, ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬೆಳೆಯುವವರು, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ನನ್ನನ್ನು ಕೇಳಿದರು: "ನೀನು ದೇವರನ್ನ ನಂಬ್ತೀಯೋ ಇಲ್ಲೋ? ಒಂದೇ ಮಾತಲ್ಲಿ ಹೇಳಿಬಿಡು." ನಾನು "ಗೊತ್ತಿಲ್ಲ ಮಾವ" ಎಂದೆ. "ಗೊತ್ತಿಲ್ಲ ಅನ್ನಾಕೆ ಇಷ್ಟು ವರ್ಷ ಓದಬೇಕಾಗಿತ್ತೇನಪ್ಪ?" ಎಂದರು. ಮನೆಯೆಲ್ಲ ನಕ್ಕಿತು, ನಾನೂ ನಕ್ಕೆ.

ಆಮೇಲೆ ಯೋಚಿಸಿದಾಗ ಹೊಳೆದದ್ದು, ಮಾವನ ಹಾಸ್ಯದಲ್ಲಿ ನ್ಯಾಯವಿತ್ತು. ಅವರು ಕೇಳಿದ್ದು ನಂಬಿಕೆಯ ವಿಷಯ, ನಾನು ಉತ್ತರಿಸಿದ್ದು ತಿಳಿವಳಿಕೆಯ ವಿಷಯ. ಈ ಎರಡು ಬೇರೆ ಬೇರೆ ಪ್ರಶ್ನೆಗಳು. ಆಸ್ತಿಕ, ನಾಸ್ತಿಕ, ಅಜ್ಞೇಯವಾದಿ (ತಿಳಿಯದೆಂದು ಒಪ್ಪುವವನು) ಎಂಬ ಮೂರು ಪದಗಳ ಸುತ್ತ ನಮ್ಮಲ್ಲಿ ನಡೆಯುವ ಬಹುಪಾಲು ಜಗಳಗಳು ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಬಿಡಿಸಿ ನೋಡುವ ಮೊದಲು ನಾಸ್ತಿಕ ಎಂಬ ಪದದ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಆ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ.

ಪಾಣಿನಿಯ ವ್ಯಾಕರಣದಲ್ಲಿ "ಅಸ್ತಿ ನಾಸ್ತಿ ದಿಷ್ಟಂ ಮತಿಃ" (4.4.60) ಎಂಬ ಸೂತ್ರವಿದೆ. 'ಇದೆ' ಎಂಬ ಮತಿಯುಳ್ಳವನು ಆಸ್ತಿಕ, 'ಇಲ್ಲ' ಎಂಬ ಮತಿಯುಳ್ಳವನು ನಾಸ್ತಿಕ, ಎಲ್ಲವೂ ವಿಧಿಯಂತೆ ಎಂಬ ಮತಿಯುಳ್ಳವನು ದೈಷ್ಟಿಕ. ಏನು ಇದೆ, ಏನು ಇಲ್ಲ ಎಂಬುದನ್ನು ಸೂತ್ರ ಹೇಳುವುದಿಲ್ಲ. ವ್ಯಾಖ್ಯಾನಕಾರರು ಅಲ್ಲಿ 'ಪರಲೋಕ' ಎಂಬ ಪದವನ್ನು ತುಂಬಿಕೊಂಡರು. ಮನುಸ್ಮೃತಿಗೆ ಬಂದರೆ ಅರ್ಥ ಬೇರೆಯಾಗುತ್ತದೆ: "ನಾಸ್ತಿಕೋ ವೇದನಿಂದಕಃ", ಅಂದರೆ ವೇದವನ್ನು ನಿಂದಿಸುವವನೇ ನಾಸ್ತಿಕ. ಇಂದು ನಾವು ಆಡುವ ಕನ್ನಡದಲ್ಲಿ ಇನ್ನೊಂದೇ ಅರ್ಥ, ದೇವರಿಲ್ಲ ಎನ್ನುವವನು. ಮಾತಿನ ಬಳಕೆಯಲ್ಲಂತೂ ಅದು ಇನ್ನೂ ಸಡಿಲವಾಗಿ, ಗುಡಿಗೆ ಹೋಗದವನು, ಅಮಾವಾಸ್ಯೆಯ ದಿನ ಹೊಸ ಕೆಲಸ ಶುರುಮಾಡುವವನು, ಕೊನೆಗೆ ಹಿರಿಯರ ಮಾತಿಗೆ ಎದುರು ಆಡುವವನು ಕೂಡ ನಾಸ್ತಿಕನೇ ಆಗಿಬಿಡುತ್ತಾನೆ.

ಈ ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವಿಚಿತ್ರವಾದ ಚಿತ್ರವೊಂದು ಕಾಣುತ್ತದೆ. ಈಶ್ವರಕೃಷ್ಣನ ಕಾರಿಕೆಗಳಲ್ಲಿ ಕಾಣುವ ಸಾಂಖ್ಯದರ್ಶನ ಪ್ರಕೃತಿ ಮತ್ತು ಪುರುಷ ಎಂಬ ಎರಡು ತತ್ತ್ವಗಳಿಂದಲೇ ಜಗತ್ತನ್ನು ವಿವರಿಸುತ್ತದೆ, ಸೃಷ್ಟಿಕರ್ತನನ್ನು ಕರೆಯುವುದಿಲ್ಲ. ವೇದದ ಕರ್ಮಕಾಂಡಕ್ಕೆ ಕಾವಲು ನಿಂತ ಮೀಮಾಂಸಕ ಕುಮಾರಿಲ ಭಟ್ಟ ಜಗತ್ತಿಗೊಬ್ಬ ಕರ್ತನಿದ್ದಾನೆ ಎಂಬ ವಾದವನ್ನು ನೇರವಾಗಿ ಖಂಡಿಸಿದವನು. ಆದರೂ ಇವೆರಡೂ ಆಸ್ತಿಕ ದರ್ಶನಗಳೆಂದೇ ಎಣಿಕೆಯಾಗುತ್ತವೆ, ಏಕೆಂದರೆ ಅವು ವೇದದ ಪ್ರಾಮಾಣ್ಯವನ್ನು ಒಪ್ಪುತ್ತವೆ. ಇನ್ನೊಂದು ಬದಿಯಲ್ಲಿ ಜೈನರು ಮತ್ತು ಬೌದ್ಧರು ಕರ್ಮ ಹಾಗೂ ಪುನರ್ಜನ್ಮಗಳನ್ನು ಒಪ್ಪಿದರೂ, ಪಾಣಿನಿಯ ವ್ಯಾಖ್ಯಾನಕಾರರ ಲೆಕ್ಕದಲ್ಲಿ ಆಸ್ತಿಕರೇ ಆದರೂ, ಮನುವಿನ ಲೆಕ್ಕದಲ್ಲಿ ನಾಸ್ತಿಕರು. ನಮ್ಮ ಶರಣರ ಸ್ಥಿತಿ ಇನ್ನೂ ಸೋಜಿಗದ್ದು: ಸ್ಥಾವರ ದೇವಾಲಯವನ್ನೂ ವೇದದ ಮೇಲರಿಮೆಯನ್ನೂ ಕಲ್ಲುದೇವರನ್ನೂ ನಿರಾಕರಿಸಿ, ಅಂಗೈಯಲ್ಲಿನ ಲಿಂಗದ ಮುಂದೆ ಕಣ್ಣೀರಿಟ್ಟವರು ಅವರು. ಮನುವಿನ ಸೂತ್ರವನ್ನು ಅಕ್ಷರಶಃ ಹಿಡಿದರೆ ಹನ್ನೆರಡನೆಯ ಶತಮಾನದ ಆ ಮಹಾಭಕ್ತರೆಲ್ಲ ನಾಸ್ತಿಕರ ಸಾಲಿಗೆ ಸೇರಬೇಕಾಗುತ್ತದೆ! ಯಾವ ಅರ್ಥದಲ್ಲಿ ನೋಡಿದರೂ ನಾಸ್ತಿಕನೇ ಆಗಿ ಉಳಿಯುವವನು, ವೇದವನ್ನೂ ಪರಲೋಕವನ್ನೂ ದೇವರನ್ನೂ ಒಪ್ಪದ ಚಾರ್ವಾಕ ಒಬ್ಬನೇ. ಆದ್ದರಿಂದ ಯಾರಾದರೂ ಇನ್ನೊಬ್ಬರನ್ನು ನಾಸ್ತಿಕ ಎಂದು ಕರೆದಾಗ, ಅವರು ಏನನ್ನು 'ಇಲ್ಲ' ಎನ್ನುತ್ತಿದ್ದಾರೆ ಎಂದು ಮೊದಲು ಕೇಳಿಕೊಳ್ಳಬೇಕು.

ಈಗ ನಂಬಿಕೆ ಮತ್ತು ತಿಳಿವಳಿಕೆಯ ವ್ಯತ್ಯಾಸಕ್ಕೆ ಬರೋಣ. ಅಜ್ಞೇಯವಾದ ಎಂದು ನಾವು ಕನ್ನಡಿಸಿಕೊಂಡಿರುವ ಇಂಗ್ಲಿಷ್ ಪದವನ್ನು 1869ರಲ್ಲಿ ಹುಟ್ಟುಹಾಕಿದವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಸುತ್ತಮುತ್ತಲಿನವರೆಲ್ಲ ಪರಮಸತ್ಯವನ್ನು ಬಲ್ಲವರಂತೆ ಮಾತನಾಡುತ್ತಿದ್ದಾಗ, ತಾನು ಹಾಗೆ ಬಲ್ಲವನಲ್ಲ ಎಂದು ಹೇಳಿಕೊಳ್ಳಲು ಅವನಿಗೊಂದು ಹೆಸರು ಬೇಕಿತ್ತು. ಅವನ ದೃಷ್ಟಿಯಲ್ಲಿ ಅದು ಒಂದು ಮತವಾಗಿರಲಿಲ್ಲ. ಪುರಾವೆ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗಬೇಕು, ಪುರಾವೆಯಿಲ್ಲದ್ದನ್ನು ಖಚಿತವೆಂದು ಸಾರಬಾರದು ಎಂಬ ಒಂದು ಶಿಸ್ತಾಗಿತ್ತು.

ಈ ಶಿಸ್ತನ್ನು ಅರ್ಥಮಾಡಿಕೊಳ್ಳಲು ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಹೆಚ್ಚು ಕಷ್ಟವಾಗಲಾರದು. ಹೊಲದಲ್ಲಿ ನೀರಿನ ಪಾಯಿಂಟ್ ಮಾಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುತ್ತಾರೆ. ಮಾವ ಅದನ್ನು ನಂಬುತ್ತಾರೆ. ಅವರ ಮಗ, ಕಾಲೇಜಿಗೆ ಹೋಗುವವನು, ಅಲ್ಲಿ ನೀರಿಲ್ಲ ಎಂದು ವಾದಿಸುತ್ತಾನೆ. ಪಕ್ಕದ ಹೊಲದವರು, ಕೊರೆಯದೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಮೂವರಲ್ಲಿ ಪಕ್ಕದವರ ಮಾತೇ ಸರಿಯೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಪಕ್ಕದವರ ಹೊಲದಲ್ಲೂ ಕಾಯಿ ಎದ್ದು ನಿಂತಿದೆ ಎಂದುಕೊಳ್ಳಿ. ಕೊರೆಯುವ ಲಾರಿಯನ್ನು ಕರೆಸಬೇಕೇ ಬೇಡವೇ ಎಂಬುದನ್ನು ಅವರು ತೀರ್ಮಾನಿಸಲೇಬೇಕು. ಸಾಲ ಮಾಡಿ ಕರೆಸಿದರೆ, ಗೊತ್ತಿಲ್ಲ ಎನ್ನುತ್ತಲೇ ಅವರು ನಂಬಿದಂತಾಯಿತು; ಕರೆಸದಿದ್ದರೆ, ಗೊತ್ತಿಲ್ಲ ಎನ್ನುತ್ತಲೇ ನಂಬದಂತಾಯಿತು. ತಿಳಿಯದು ಎಂಬ ಉತ್ತರ ನಂಬಿಕೆಯ ಪ್ರಶ್ನೆಯಿಂದ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಮಾವ ನನ್ನನ್ನು ಹಿಡಿದದ್ದು ಇಲ್ಲಿಯೇ.

ಹೀಗಾಗಿ ಅಜ್ಞೇಯವಾದಿಯಾದ ಭಕ್ತ ಇರಬಲ್ಲ, ಅಜ್ಞೇಯವಾದಿಯಾದ ನಾಸ್ತಿಕನೂ ಇರಬಲ್ಲ. "ಇದ್ದಾನೋ ಇಲ್ಲವೋ ಸಾಬೀತು ಮಾಡಲಾರೆ, ಆದರೂ ಕೈ ಮುಗಿಯುತ್ತೇನೆ" ಎನ್ನುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ, ತಮ್ಮನ್ನು ಆ ಹೆಸರಿನಿಂದ ಕರೆದುಕೊಳ್ಳುವುದಿಲ್ಲ ಅಷ್ಟೆ. ಅಜ್ಞೇಯವಾದದಲ್ಲಿಯೂ ಎರಡು ಬಗೆಯಿದೆ. ಸದ್ಯಕ್ಕೆ ನನಗೆ ತಿಳಿದಿಲ್ಲ ಎನ್ನುವುದು ಒಂದು. ಇದು ಯಾರಿಗೂ ಎಂದಿಗೂ ತಿಳಿಯುವಂಥದ್ದಲ್ಲ ಎನ್ನುವುದು ಇನ್ನೊಂದು. ಎರಡನೆಯದು ವಿನಯದಂತೆ ಕಂಡರೂ ಬಹಳ ದೊಡ್ಡ ಹೇಳಿಕೆ. ಮನುಷ್ಯನ ಅರಿವಿನ ಗಡಿ ಎಲ್ಲಿದೆಯೆಂದು ತನಗೆ ಗೊತ್ತಿದೆ ಎಂದು ಅದು ಹೇಳುತ್ತಿರುತ್ತದೆ.

ಕನ್ನಡದ ವಾಕ್ಯರಚನೆಯೇ ಒಂದು ಸೂಕ್ಷ್ಮವನ್ನು ಮರೆಮಾಡುತ್ತದೆ. "ದೇವರಿದ್ದಾನೆ ಎಂದು ನಾನು ನಂಬುವುದಿಲ್ಲ" ಎಂಬುದೂ "ದೇವರಿಲ್ಲ ಎಂದು ನಾನು ನಂಬುತ್ತೇನೆ" ಎಂಬುದೂ ಕೇಳುವ ಕಿವಿಗೆ ಒಂದೇ. ಮೊದಲನೆಯದರಲ್ಲಿ ಇನ್ನೊಬ್ಬರ ಹೇಳಿಕೆಗೆ ಒಪ್ಪಿಗೆ ಕೊಟ್ಟಿಲ್ಲ, ಅಷ್ಟೆ. ಎರಡನೆಯದರಲ್ಲಿ ಹೇಳುವವನದೇ ಒಂದು ಹೇಳಿಕೆಯಿದೆ, ಅದಕ್ಕೆ ಪುರಾವೆ ಒದಗಿಸುವ ಹೊಣೆಯೂ ಅವನದೇ. ನೀರಿದೆ ಎಂದು ನಂಬಲಾರೆ ಎನ್ನುವವನು ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ನೀರಿಲ್ಲ ಎಂದು ಪಣ ಕಟ್ಟುವ ಮಾವನ ಮಗ ಮಾತ್ರ ಕಾರಣ ಕೊಡಬೇಕು. ನಾಸ್ತಿಕರೆಂದು ಕರೆದುಕೊಳ್ಳುವವರಲ್ಲಿ ಈ ಎರಡೂ ಬಗೆಯವರಿದ್ದಾರೆ.

ಹಾಗಾದರೆ 'ಇಲ್ಲ' ಎಂಬುದನ್ನು ಸಾಬೀತು ಮಾಡಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಕೆಲವೊಮ್ಮೆ. ಕುಮಾರಿಲನ ಅನುಯಾಯಿಗಳೂ ಅದ್ವೈತಿಗಳೂ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬುದನ್ನು ಒಂದು ಪ್ರಮಾಣವೆಂದೇ, ಅರಿವು ಪಡೆಯುವ ಒಂದು ದಾರಿಯೆಂದೇ ಎಣಿಸಿದ್ದಾರೆ: ಬೆಳಕಿರುವ ಕೋಣೆಯಲ್ಲಿ, ಕಣ್ಣು ಸರಿಯಿರುವಾಗ, ಬರಿನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯಿಲ್ಲ ಎಂದು ತಿಳಿಯುತ್ತದೆ. ಆದರೆ ಅವರು ಒಂದು ಷರತ್ತು ಹಾಕಿದರು. ಆ ವಸ್ತು ಇದ್ದಿದ್ದರೆ ಕಾಣಲೇಬೇಕಾದ ಯೋಗ್ಯತೆಯುಳ್ಳದ್ದಾಗಿರಬೇಕು. ಮಡಕೆ ಕಾಣದಿದ್ದರೆ ಇಲ್ಲವೆನ್ನಬಹುದು. ಕತ್ತಲ ಕೋಣೆಯಲ್ಲಾಗಲಿ, ಕಣ್ಣಿಗೆ ಬೀಳದ ಪರಮಾಣುವಿನ ವಿಷಯದಲ್ಲಾಗಲಿ ಹಾಗೆನ್ನಲಾಗದು. ದೇವರ ಚರ್ಚೆಯಲ್ಲಿ ಇದಕ್ಕಿಂತ ಹರಿತವಾದ ಸಾಧನವನ್ನು ನಾನು ಬೇರೆಲ್ಲೂ ಕಂಡಿಲ್ಲ, ಏಕೆಂದರೆ ಅದು ಕೂಡಲೇ ಮುಂದಿನ ಪ್ರಶ್ನೆಯನ್ನು ಎತ್ತುತ್ತದೆ: ನಾವು ಮಾತನಾಡುತ್ತಿರುವುದು ಯಾವ ದೇವರ ಬಗ್ಗೆ?

ದಾವಣಗೆರೆಗೆ ಹತ್ತಿರವಿರುವ ಹರಿಹರದಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರನಾದ ಮೂರ್ತಿ ನಿಂತಿದೆ. ಅದರ ಮುಂದೆ ಒಂದು ಗಂಟೆ ಕೂತರೆ ಹಲವು ದೇವರುಗಳು ಕಣ್ಣಿಗೆ ಬೀಳುತ್ತವೆ. ಒಬ್ಬರಿಗೆ ಆತ ಗುಹಾಸುರನನ್ನು ಕೊಲ್ಲಲು ಎರಡು ದೇಹ ಒಂದಾದ ಪುರಾಣಪುರುಷ. ಇನ್ನೊಬ್ಬರಿಗೆ ಮಗಳ ಮದುವೆಯನ್ನು ಈ ವರ್ಷವೇ ಮಾಡಿಸಬೇಕಾದ ಮನೆದೇವರು. ಮತ್ತೊಬ್ಬರಿಗೆ ರೂಪವೂ ಗುಣವೂ ಇಲ್ಲದ ಬ್ರಹ್ಮದ ಕಡೆ ಬೆರಳು ತೋರುವ ಒಂದು ಗುರುತು. ಹೊಯ್ಸಳರ ಶಿಲ್ಪ ನೋಡಲು ಬಂದವರಿಗೆ ಅದು ಶಿಲ್ಪ. ಈ ಎಲ್ಲರೂ 'ದೇವರು' ಎಂಬ ಒಂದೇ ಪದವನ್ನು ಬಳಸುತ್ತಾರೆ. ಒಬ್ಬನೇ ಮನುಷ್ಯ ಇವುಗಳಲ್ಲಿ ಒಂದರ ಬಗ್ಗೆ ನಾಸ್ತಿಕನಾಗಿ, ಇನ್ನೊಂದರ ಬಗ್ಗೆ ಅಜ್ಞೇಯವಾದಿಯಾಗಿ, ಮೂರನೆಯದನ್ನು ಪ್ರೀತಿಯಿಂದ ನೋಡುವವನಾಗಿ ಇರುವುದರಲ್ಲಿ ಯಾವ ವಿರೋಧವೂ ಇಲ್ಲ.

ಕೇಳಿದರೆ ಮಳೆ ಕೊಡುವ ದೇವರ ವಿಷಯವನ್ನು ತೆಗೆದುಕೊಳ್ಳಿ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆ ವರ್ಷ ಜನ ಕಣಿವೆ ಮಾರಮ್ಮನಿಗೆ ಕೈ ಮುಗಿದು ಅವಳ ಕೃಪೆಯೆಂದರು. ಆ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ನೀರಿನ ಬೆಲೆ ಗೊತ್ತಿರುವ ಊರಿನವರ ಕೃತಜ್ಞತೆ ಅದು. ಆದರೆ ಅದನ್ನೊಂದು ಹೇಳಿಕೆಯಾಗಿ ಪರಿಶೀಲಿಸಿದರೆ, ನಡುವಿನ 89 ವರ್ಷಗಳಲ್ಲಿಯೂ ಪೂಜೆ ನಿಂತಿರಲಿಲ್ಲ, ಬರಗಾಲಗಳಲ್ಲಿ ಕಪ್ಪೆಗಳಿಗೂ ಕತ್ತೆಗಳಿಗೂ ಮದುವೆ ಮಾಡಿಸಿದ್ದೆವು. 2022ರಲ್ಲಿ ಮಳೆಯೂ ವಿಪರೀತವಾಗಿತ್ತು, ಭದ್ರೆಯಿಂದ ಎತ್ತಿ ಹರಿಸಿದ ನೀರೂ ಬಂದು ಸೇರಿತ್ತು. ಪೂಜೆಗೆ ಮಳೆ ಬರುವುದಾದರೆ ಆ ನಂಟು ದಾಖಲೆಯಲ್ಲಿ ಕಾಣಬೇಕಿತ್ತು, ಕಾಣಲಿಲ್ಲ. ಇದು ಬೆಳಕಿನ ಕೋಣೆಯ ಮಡಕೆ. ಇಂಥ ದೇವರ ಬಗ್ಗೆ ನಾನು ನಾಸ್ತಿಕ.

ಪರೀಕ್ಷೆಗೆ ಒಳಪಡಬಹುದಾದ ಹೇಳಿಕೆಗಳನ್ನು ಪರೀಕ್ಷೆಗೆ ಒಳಪಡದಂತೆ ಮಾಡುವ ದಾರಿಗಳೂ ನಮಗೆ ಗೊತ್ತಿವೆ. ನಮ್ಮವ್ವ ದೇವರಿಗೆ ಹೂ ಕೇಳುತ್ತಾಳೆ. ಬಲಗಡೆ ಬಿದ್ದರೆ ಅಪ್ಪಣೆಯಾಯಿತು. ಎಡಗಡೆ ಬಿದ್ದರೆ ಸ್ವಲ್ಪ ತಡಿ ಎಂದರ್ಥ. ಬೀಳದೇ ಹೋದರೆ ಮಡಿಯಲ್ಲಿ ಏನೋ ಕೊರತೆಯಾಗಿದೆ. ಯಾವ ಫಲಿತಾಂಶ ಬಂದರೂ ಸುಳ್ಳಾಗದ ಹೇಳಿಕೆ ನಮಗೆ ಹೊಸದೇನನ್ನೂ ತಿಳಿಸಿರುವುದಿಲ್ಲ. (ಅವಳಿಗೆ ಅದರಿಂದ ಸಿಗುವುದು ತಿಳಿವಳಿಕೆಯಲ್ಲ, ನಿರ್ಧಾರ ತೆಗೆದುಕೊಳ್ಳುವ ಧೈರ್ಯ, ಅದು ನಿಜವಾಗಿಯೂ ಸಿಗುತ್ತದೆ.) 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ್ದು ಈ ಬಗೆಯ, ಪರೀಕ್ಷಿಸಬಹುದಾದ ಹೇಳಿಕೆಗಳಿಗಾಗಿ. ಅಲ್ಲಿ ಕೇಳಿದ್ದು ದೇವರಿದ್ದಾನೆಯೇ ಎಂದಲ್ಲ, ಈ ಕೈಯಿಂದ ಈ ವಸ್ತು ಬಂದದ್ದು ಹೇಗೆ ಎಂದು. ಮೌಢ್ಯವನ್ನು ವಿರೋಧಿಸುವುದಕ್ಕೂ ನಾಸ್ತಿಕತೆಗೂ ನಡುವಿನ ಈ ಅಂತರವನ್ನು ಬಹಳಷ್ಟು ಜನ ಗಮನಿಸುವುದಿಲ್ಲ.

ನಿರ್ಗುಣ ಬ್ರಹ್ಮದ ವಿಷಯ ಹಾಗಲ್ಲ. ಅದು ಇದ್ದರೂ ಇಲ್ಲದಿದ್ದರೂ ಕಣಿವೆಯ ನೀರಿನ ಮಟ್ಟದಲ್ಲಿ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ಕಾಣದಿರುವುದು ಇಲ್ಲಿ ಪುರಾವೆಯಲ್ಲ, ಕಂಡೆ ಎಂಬುದನ್ನು ಇನ್ನೊಬ್ಬರಿಗೆ ತೋರಿಸುವ ದಾರಿಯೂ ಇಲ್ಲ. ಮಳೆ ಕೊಡುವ ದೇವರು ಮತ್ತು ಈ ಬ್ರಹ್ಮ, ಇವೆರಡರ ನಡುವೆ ನಿಲ್ಲುವುದು ಸೃಷ್ಟಿಕರ್ತನೆಂಬ ದೇವರು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೊಬ್ಬ ಕರ್ತನಿರಬೇಕು ಎಂಬ ವಾದವನ್ನು ನೈಯಾಯಿಕ (ನ್ಯಾಯದರ್ಶನದ ಪಂಡಿತ) ಉದಯನ ಬಹಳ ಸೂಕ್ಷ್ಮವಾಗಿ ಕಟ್ಟಿದ. ಎದುರಾಳಿಗಳ ಉತ್ತರವೂ ಅಷ್ಟೇ ಚುರುಕಾಗಿತ್ತು: ಕುಂಬಾರನಿಗೆ ದೇಹವಿದೆ, ಅವನಿಗೆ ಮಣ್ಣು ಬೇಕು, ಅವನಿಗೊಬ್ಬ ಅಪ್ಪನಿದ್ದಾನೆ; ಹೋಲಿಕೆಯನ್ನು ಪೂರ್ತಿ ಒಪ್ಪಿದರೆ ದೇವರಿಗೂ ಇವೆಲ್ಲ ಬೇಕಾಗುತ್ತದೆ, ಒಪ್ಪದಿದ್ದರೆ ಹೋಲಿಕೆಯೇ ಬಿದ್ದುಹೋಗುತ್ತದೆ. ಸಾವಿರ ವರ್ಷಗಳ ನಂತರವೂ ಆ ವಾದ ಮುಗಿದಿಲ್ಲ. ಇಲ್ಲಿ ನನ್ನ ಉತ್ತರ, ಮಾವ ಎಷ್ಟೇ ನಕ್ಕರೂ, ಗೊತ್ತಿಲ್ಲ ಎಂಬುದೇ.

'ಗೊತ್ತಿಲ್ಲ' ಎಂಬುದು ಹಕ್ಸ್‌ಲಿಯಿಂದ ಆಮದಾದ ಸರಕೆಂದು ಯಾರೂ ತಿಳಿಯಬೇಕಾಗಿಲ್ಲ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ ಏಳೇ ಋಕ್ಕುಗಳಲ್ಲಿ ಸೃಷ್ಟಿಯ ಮೂಲವನ್ನು ಹುಡುಕುತ್ತಾ ಹೋಗಿ, ಪರಮಾಕಾಶದಲ್ಲಿರುವ ಇದರ ಅಧ್ಯಕ್ಷನಿಗೆ ಅದು ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ನಿಲ್ಲುತ್ತದೆ. ಬುದ್ಧನ ಕಾಲದಲ್ಲಿದ್ದ ಸಂಜಯ ಬೇಲಟ್ಠಿಪುತ್ತ ಪರಲೋಕವಿದೆ ಎಂದೂ ಹೇಳಲೊಲ್ಲ, ಇಲ್ಲವೆಂದೂ ಹೇಳಲೊಲ್ಲ. ಅದಕ್ಕಾಗಿ ಬೌದ್ಧರು ಅವನನ್ನು ಕೈಗೆ ಸಿಗದೆ ಜಾರುವ ಮೀನಿಗೆ ಹೋಲಿಸಿ ಗೇಲಿ ಮಾಡಿದರು. ಸ್ವತಃ ಬುದ್ಧನೂ ಲೋಕಕ್ಕೆ ಆದಿ ಅಂತ್ಯಗಳಿವೆಯೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ, ಆದರೆ ಅವನ ಕಾರಣ ಬೇರೆ: ವಿಷದ ಬಾಣ ನಾಟಿದವನು ಬಾಣ ಬಿಟ್ಟವನ ಕುಲಗೋತ್ರ ವಿಚಾರಿಸುತ್ತಾ ಕೂತರೆ ಅಷ್ಟರಲ್ಲಿ ಸತ್ತೇಹೋಗುತ್ತಾನೆ. ಅದು ತಿಳಿಯದು ಎಂಬ ನಿಲುವಲ್ಲ, ಈ ತಿಳಿವಳಿಕೆಯಿಂದ ಪ್ರಯೋಜನವಿಲ್ಲ ಎಂಬ ನಿಲುವು. ಜೈನರ ಸ್ಯಾದ್ವಾದವನ್ನೂ ಕೆಲವರು ಅಜ್ಞೇಯವಾದದ ಜೊತೆ ಸೇರಿಸುತ್ತಾರೆ, ಅದು ಸರಿಯಲ್ಲ. ಒಂದು ದೃಷ್ಟಿಯಿಂದ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ ಎನ್ನುವವನು ತನಗೆ ಗೊತ್ತಿಲ್ಲ ಎನ್ನುತ್ತಿಲ್ಲ.

ಇಷ್ಟು ಹೇಳಿದ ಮೇಲೂ ಮನೆಯವರ ನಿಜವಾದ ಆತಂಕ ಉಳಿದೇ ಇರುತ್ತದೆ. ದೇವರ ಭಯವೇ ಇಲ್ಲದಿದ್ದರೆ ಮನುಷ್ಯ ನೆಟ್ಟಗೆ ಬಾಳುತ್ತಾನೆಯೇ? ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯವರೆಗೆ ಹೋದರೆ ಸಾಕು. ಅಲ್ಲಿನ ಬಂಡೆಯ ಮೇಲೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊರೆಸಿದ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವಿದೆ. ತಂದೆತಾಯಿಗಳ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆಯಿರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದು ವಿಧಿಸುತ್ತದೆ. ಯಾಕೆ ಎಂಬುದಕ್ಕೆ ಅಲ್ಲಿ ಕೊಟ್ಟಿರುವ ಕಾರಣ, ಇದು ಪುರಾತನವಾದ ರೀತಿ, ಇದರಿಂದ ದೀರ್ಘಾಯುಷ್ಯ ಎಂಬುದು. ಅಶೋಕನನ್ನು ನಾನು ನಾಸ್ತಿಕನೆಂದು ಹೇಳುತ್ತಿಲ್ಲ. ಅದೇ ಬಂಡೆಯ ಮೊದಲ ಭಾಗದಲ್ಲಿ ಸ್ವರ್ಗದ ಮಾತೂ ದೇವತೆಗಳ ಮಾತೂ ಇದೆ. ಆದರೆ ಒಳ್ಳೆಯ ನಡತೆಯನ್ನು ವಿಧಿಸುವಾಗ ಅದು ಸೃಷ್ಟಿಕರ್ತನೊಬ್ಬನ ಆಜ್ಞೆಯನ್ನು ಆಧಾರವಾಗಿ ಹಿಡಿದಿಲ್ಲ. ಕರ್ನಾಟಕದಲ್ಲಿ ಸಿಕ್ಕಿರುವ ಅತಿ ಹಳೆಯ ಬರವಣಿಗೆಗಳಲ್ಲಿ ಒಂದು ನೀತಿಯ ಬಗ್ಗೆ ಹೀಗೆ ಮಾತನಾಡಿದೆ ಎಂಬುದನ್ನು ಮಾವನಿಗೆ ಹೇಳಿದಾಗ ಅವರು, ತಂದೆತಾಯಿ ಅಂದರೇನೇ ದೇವರಲ್ಲವೇ ಎಂದುಬಿಟ್ಟರು. ಆ ಉತ್ತರಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ.

"ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವೇನು, ಕೈ ಮುಗಿದುಬಿಡು" ಎಂಬ ವ್ಯಾಪಾರಿ ಬುದ್ಧಿಯ ಸಲಹೆಯೂ ಆಗಾಗ ಬರುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಇದನ್ನೇ ಲೆಕ್ಕವಾಗಿ ಮಂಡಿಸಿದ್ದ. ಯಾವ ದೇವರಿಗೆ ಮುಗಿಯಬೇಕು ಎಂಬಲ್ಲಿ ಆ ಲೆಕ್ಕ ಮುಗ್ಗರಿಸುತ್ತದೆ, ನಮ್ಮ ಸೀಮೆಯಲ್ಲಂತೂ ಊರಿಗೆ ಹತ್ತು ದೇವರು.

ನಮ್ಮ ಕಾನೂನು ಈ ವಿಷಯದಲ್ಲಿ ಜನರಿಗಿಂತ ಹೆಚ್ಚು ಸ್ಪಷ್ಟವಾಗಿದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅನುಸರಿಸುವ ಹಕ್ಕಿಗೆ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ, ನಂಬದಿರುವವನಿಗೂ ಅದರಲ್ಲಿ ಜಾಗವಿದೆ. ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ದೇವರನ್ನು ಹೆಸರಿಸದೆ ದೃಢೀಕರಿಸಬಹುದು. 1969ರ ಪ್ರಮಾಣವಚನ ಕಾಯ್ದೆಯ ಪ್ರಕಾರ ನ್ಯಾಯಾಲಯದ ಸಾಕ್ಷಿಗೂ ಆ ಆಯ್ಕೆಯಿದೆ. ಎರಡಕ್ಕೂ ಒಂದೇ ಬೆಲೆ, ಸುಳ್ಳು ಹೇಳಿದರೆ ಒಂದೇ ಶಿಕ್ಷೆ.

ಎಷ್ಟು ಜನ ನಂಬದವರಿದ್ದಾರೆ ಎಂಬ ಲೆಕ್ಕ ಮಾತ್ರ ಸುಲಭವಾಗಿ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ದೇಶದ 121 ಕೋಟಿ ಜನರಲ್ಲಿ 'ಧರ್ಮ ತಿಳಿಸದವರು' ಎಂಬ ಕಾಲಂನಲ್ಲಿದ್ದವರು ಸುಮಾರು 28.7 ಲಕ್ಷ, ಅಂದರೆ ಶೇ. 0.24. ಅವರೆಲ್ಲ ನಾಸ್ತಿಕರೂ ಅಲ್ಲ, ನಾಸ್ತಿಕರೆಲ್ಲ ಅಲ್ಲಿ ಸೇರಿಯೂ ಇಲ್ಲ. ಗಣತಿಯ ಆ ಪ್ರಶ್ನೆ ಮನೆತನವನ್ನು ಎಣಿಸುತ್ತದೆಯೇ ಹೊರತು ಮನಸ್ಸಿನೊಳಗಿನ ನಂಬಿಕೆಯನ್ನಲ್ಲ. ಆ ಸಲ ನಮ್ಮ ಬೀದಿಗೆ ಬಂದಿದ್ದ ಶಾಲಾ ಶಿಕ್ಷಕರು ಜಗಲಿಯ ಮೇಲೆ ಕೂತು, ಹಾಳೆಯಿಂದ ತಲೆಯೆತ್ತದೆ, ಧರ್ಮ ಯಾವುದು ಎಂದು ಕೇಳಿದರು. ನಾನು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಡುಗೆಮನೆಯಿಂದಲೇ ಉತ್ತರ ಹೇಳಿಯಾಗಿತ್ತು. ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.